ಎರಡೂ ಕಡೆ ಸಿಂಹ: ಮಾಟುಂಗಾದ ಗಲ್ಲಾಕ್ಕೆ ಬಂದ ಒಂದು ಐದು ರೂಪಾಯಿ

ರಾತ್ರಿ ಹತ್ತೂವರೆಗೆ ಶಟರ್ ಅರ್ಧ ಇಳಿದ ಮೇಲೆ ಗಲ್ಲಾದ ಚಿಲ್ಲರೆ ಎಣಿಸುವುದು ಮಾವನ ಕೆಲಸ. ಮುಂಬಯಿಯ ಮಾಟುಂಗಾದಲ್ಲಿ ಅವರದು ಚಿಕ್ಕ ಹೋಟೆಲು. ಇಡ್ಲಿ, ದೋಸೆ, ಕಾಫಿ, ಅಷ್ಟೆ. ಐದರ ನಾಣ್ಯಗಳನ್ನು ಇಪ್ಪತ್ತಿಪ್ಪತ್ತರಂತೆ ಗೋಪುರ ಕಟ್ಟಿ ನೂರು ನೂರು ಮಾಡಿಡುತ್ತಾರೆ. ಒಂದು ಶನಿವಾರ ನಾನು ಡೊಂಬಿವಲಿಯಿಂದ ಹೋಗಿದ್ದೆ. ಎಣಿಸುತ್ತಾ ಎಣಿಸುತ್ತಾ ಅವರ ಕೈ ನಿಂತುಬಿಟ್ಟಿತು.

"ಇದೆಂತದು ನೋಡು ಮಾರಾಯ. ಸಿಂಹ ಉಂಟು. ತಿರುಗಿಸಿದ್ರೆ ಮತ್ತೂ ಸಿಂಹ."

ನಿಜ. ಹಳದಿ ಬಣ್ಣದ ಐದು ರೂಪಾಯಿ. ಒಂದು ಕಡೆ ಅಶೋಕನ ಸಿಂಹಗಳು, ಕೆಳಗೆ ಸತ್ಯಮೇವ ಜಯತೇ. ಇನ್ನೊಂದು ಕಡೆಯೂ ಅದೇ. ಇಲ್ಲಿನ ಮಕ್ಕಳು ಟಾಸ್ ಹಾಕುವಾಗ ಛಾಪಾ–ಕಾಟಾ ಅನ್ನುತ್ತಾರಲ್ಲ, ಈ ನಾಣ್ಯದಲ್ಲಿ ಬರೀ ಛಾಪಾ. ಹಳೇ ಹಿಂದಿ ಸಿನಿಮಾ ನೆನಪಾಗಿ ನನಗೆ ನಗು ಬಂತು.

ಎರಡು ನಿಮಿಷದಲ್ಲಿ ಸುತ್ತ ನಾಲ್ಕು ಜನ ಸೇರಿದರು. ಕಾಫಿ ಕೌಂಟರಿನ ಹುಡುಗ "ಇದಕ್ಕೆ ಲಕ್ಷಗಟ್ಟಲೆ ಸಿಗುತ್ತೆ, ಮೊಬೈಲಲ್ಲಿ ನೋಡಿದ್ದೇನೆ" ಎಂದ. ಅಡುಗೆ ಭಟ್ಟರು "ನಕಲಿ, ಬಿಸಾಕಿ" ಎಂದರು. ಇಬ್ಬರು ಹೇಳಿದ್ದೂ ತಪ್ಪು. ಯಾಕೆ ತಪ್ಪು ಅಂತ ಹೇಳಬೇಕಾದರೆ ನಾಣ್ಯ ಹುಟ್ಟುವ ಬಗೆ ಸ್ವಲ್ಪ ಗೊತ್ತಿರಬೇಕು.

ನಮ್ಮ ದೇಶದಲ್ಲಿ ನಾಣ್ಯ ಅಚ್ಚು ಹಾಕುವ ಟಂಕಸಾಲೆಗಳು ನಾಲ್ಕು: ಮುಂಬಯಿ, ಕೋಲ್ಕತ್ತಾ, ಹೈದರಾಬಾದ್, ನೋಯ್ಡಾ. ಮುಂಬಯಿಯದು ಫೋರ್ಟಿನಲ್ಲಿ, ರಿಸರ್ವ್ ಬ್ಯಾಂಕಿನ ಎದುರಿಗೇ ಇದೆ. 1820ರ ದಶಕದಲ್ಲಿ ಕಟ್ಟಲು ಶುರುಮಾಡಿದ ಕಂಬಗಳ ಕಟ್ಟಡ. ದಿನಾ ಅದರ ಮುಂದೆ ಓಡಾಡುವವರಿಗೂ ಒಳಗೆ ಏನಾಗುತ್ತೆ ಅನ್ನೋದು ಗೊತ್ತಿರುವುದಿಲ್ಲ.

ಆಗುವುದು ಇಷ್ಟು. ಲೋಹದ ಉದ್ದ ಪಟ್ಟಿಯಿಂದ ದುಂಡಗಿನ ಖಾಲಿ ಬಿಲ್ಲೆಗಳನ್ನು ಕತ್ತರಿಸುತ್ತಾರೆ. ಕಾಯಿಸಿ ಮೆತ್ತಗೆ ಮಾಡುತ್ತಾರೆ. ಬಿಲ್ಲೆಯ ಸುತ್ತಲೂ ಒತ್ತಿ ಅಂಚನ್ನು ಸ್ವಲ್ಪ ಎತ್ತರಿಸುತ್ತಾರೆ. ಆಮೇಲೆ ಬಿಲ್ಲೆ ಪ್ರೆಸ್ಸಿಗೆ ಹೋಗುತ್ತದೆ. ಕೆಳಗೊಂದು ಅಚ್ಚು, ಮೇಲೊಂದು ಅಚ್ಚು, ಸುತ್ತಲೂ ಗಟ್ಟಿ ಉಕ್ಕಿನ ಬಳೆ. ಬೀಳುವುದು ಒಂದೇ ಏಟು. ಆ ಏಟಿಗೆ ಲೋಹ ಹಿಟ್ಟಿನ ಹಾಗೆ ಹರಿದು ಎರಡೂ ಅಚ್ಚಿನ ಸಂದುಗೊಂದಿಗೆ ನುಗ್ಗುತ್ತದೆ. ಬಳೆಗೆ ತಾಗಿ ನಿಲ್ಲುತ್ತದೆ. ಸಿಂಹ, ಅಂಕಿ, ಪಕ್ಕದ ಗೀರು, ಮೂರೂ ಒಟ್ಟಿಗೇ ಮೂಡುತ್ತವೆ. ನಿಮಿಷಕ್ಕೆ ನೂರಾರು ಹೀಗೆ ಬೀಳುತ್ತವೆ.

ಹಾಗಾಗಿ ವಿಚಿತ್ರ ನಾಣ್ಯ ಕೈಗೆ ಬಂದರೆ ನಾನು ಮೊದಲು ಕೇಳಿಕೊಳ್ಳುವುದು ಒಂದೇ: ಈ ವಿಚಿತ್ರ ಆದದ್ದು ಆ ಏಟಿಗೆ ಮುಂಚೆಯೋ, ಏಟು ಬೀಳುವಾಗಲೋ, ಆಮೇಲೋ? ಮುಂಚೆ ಅಥವಾ ಆಗಲೇ ಆಗಿದ್ದರೆ ಅದು ಟಂಕಸಾಲೆಯ ತಪ್ಪು. ಸಂಗ್ರಹಕಾರರು ಎರರ್ ಕಾಯಿನ್ ಅನ್ನುವುದು ಇದನ್ನೇ. ಆಮೇಲೆ ಆಗಿದ್ದರೆ ಯಾರೋ ಕೈಯಾಡಿಸಿದ್ದಾರೆ. ಆಗ ಅದು ಬದಲಾಯಿಸಿದ ನಾಣ್ಯ. ಖೋಟಾ ನಾಣ್ಯ ಮೂರನೆಯದು. ಅದು ಟಂಕಸಾಲೆಯ ಮುಖವನ್ನೇ ನೋಡಿರುವುದಿಲ್ಲ.

ನಮ್ಮ ಎರಡು ಸಿಂಹದ ನಾಣ್ಯಕ್ಕೆ ಬರೋಣ.

ಮೊದಲ ಹೆಜ್ಜೆ, ಇದು ಯಾವ ಐದು ರೂಪಾಯಿ ಅಂತ ಗುರುತಿಸುವುದು. ಹೆಚ್ಚಿನವರು ಎಡವುವುದು ಇಲ್ಲೇ. ಐದು ರೂಪಾಯಿ ಅಂದರೆ ಒಂದೇ ನಾಣ್ಯ ಅಲ್ಲ. 1992ರಿಂದ ಬಂದದ್ದು ತಾಮ್ರ–ನಿಕ್ಕಲ್ ಮಿಶ್ರಣದ ಬಿಳಿ ದಪ್ಪ ನಾಣ್ಯ, 9 ಗ್ರಾಂ. ಅಂಗಿ ಜೇಬಿಗೆ ಹಾಕಿದರೆ ಜೇಬು ಜೋತುಬೀಳುತ್ತಿತ್ತು, ನೆನಪಿದೆಯಲ್ವಾ? 2007ರ ಸುಮಾರಿಗೆ ಸ್ಟೇನ್‌ಲೆಸ್ ಸ್ಟೀಲಿನದು ಬಂತು. ಅದೂ ಬಿಳಿ, ಆದರೆ 6 ಗ್ರಾಂ. ಆಮೇಲೆ ಹಳದಿ ಬಣ್ಣದ ನಿಕ್ಕಲ್ ಹಿತ್ತಾಳೆ ಬಂತು: ತಾಮ್ರ 75, ಸತು 20, ನಿಕ್ಕಲ್ 5 ಭಾಗ. 2011ರಲ್ಲಿ ₹ ಚಿಹ್ನೆ ಸೇರಿ ವಿನ್ಯಾಸ ಬದಲಾಯಿತು. ಅಗಲ 23 ಮಿಲಿಮೀಟರ್, ತೂಕ 6 ಗ್ರಾಂ. 2019ರ ಹೊಸ ಸರಣಿಯಲ್ಲಿ ಅಗಲ 25 ಮಿಲಿಮೀಟರ್ ಆಯಿತು. ಇಷ್ಟೂ ಇಂದಿಗೂ ಚಲಾವಣೆಯ ನಾಣ್ಯಗಳೇ.

ಹಾಗಾಗಿ "ಬೇರೆ ಥರ ಇದೆ" ಅನ್ನುವುದರಿಂದ ಏನೂ ತೀರ್ಮಾನವಾಗದು. ಹತ್ತು ರೂಪಾಯಿ ನಾಣ್ಯಕ್ಕೆ ಆದ ಅನ್ಯಾಯ ನೋಡಿ. ಮೇಲೆ ಹತ್ತು ಗೆರೆ ಇದ್ದರೆ ಅಸಲಿ, ಹದಿನೈದು ಇದ್ದರೆ ನಕಲಿ ಅಂತ ಯಾರೋ ಗಾಳಿಸುದ್ದಿ ಹಬ್ಬಿಸಿದರು. 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು ಹೇಳಿಕೆ ಕೊಟ್ಟು, ಆವರೆಗೆ ಬಂದ 14 ವಿನ್ಯಾಸಗಳೂ ನಡೆಯುತ್ತವೆ ಎಂದಿತು. ಮುಂಬಯಿಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಊರ ಕಡೆ ಹೋದರೆ ಮಾತ್ರ ಇವತ್ತಿಗೂ ಕೆಲವು ಅಂಗಡಿಯವರು "ಹತ್ತರ ಕಾಯಿನ್ ಬೇಡ" ಎಂದು ಕೈ ಅಲ್ಲಾಡಿಸುತ್ತಾರೆ.

ನಮ್ಮದರ ಅಗಲ, ಬಣ್ಣ, ಸಿಂಹದ ಅಕ್ಕಪಕ್ಕದ ಅಕ್ಷರ ಎಲ್ಲ 2011ರ ವಿನ್ಯಾಸಕ್ಕೆ ಸರಿ ಹೊಂದಿತು. ಈ ವಿನ್ಯಾಸದಲ್ಲಿ ಇಸವಿ ಇರುವುದು ಸಿಂಹದ ಕಡೆಯಲ್ಲ, ₹5 ಎಂದಿರುವ ಕಡೆ, ಕೆಳಗೆ. ಇಸವಿಯ ಕೆಳಗೆ ಟಂಕಸಾಲೆಯ ಗುರುತು. ವಜ್ರಾಕಾರ ಇದ್ದರೆ ಮುಂಬಯಿ, ನಕ್ಷತ್ರ ಇದ್ದರೆ ಹೈದರಾಬಾದ್, ಚುಕ್ಕಿ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತಾ. ನಿಮ್ಮ ಪರ್ಸಲ್ಲಿ ಈಗ ಇರುವ ನಾಣ್ಯಗಳನ್ನೇ ತೆಗೆದು ನೋಡಿ, ಮಜಾ ಇರುತ್ತೆ. ಎರಡೂ ಕಡೆ ಸಿಂಹವೇ ಆದರೆ ಇಸವಿಗೆ ಜಾಗ ಎಲ್ಲಿ? ನಮ್ಮ ನಾಣ್ಯಕ್ಕೆ ಹುಟ್ಟಿದ ವರ್ಷವೂ ಇಲ್ಲ, ಹುಟ್ಟಿದ ಊರೂ ಇಲ್ಲ, ಬೆಲೆಯೂ ಇಲ್ಲ. ಐದು ರೂಪಾಯಿ ಅಂತ ಅದರ ಮೇಲೆ ಎಲ್ಲೂ ಬರೆದಿಲ್ಲ!

ಮಾವ ಫ್ರಿಜ್ ಬಾಗಿಲಿನಿಂದ ಮ್ಯಾಗ್ನೆಟ್ ಕಿತ್ತು ತಂದರು. ಅಂಟಲಿಲ್ಲ. ಇದು ಒಳ್ಳೆಯ ಲಕ್ಷಣ. ನಿಕ್ಕಲ್ ಹಿತ್ತಾಳೆ ಅಂಟಬಾರದು. ಒಂದು, ಎರಡು ರೂಪಾಯಿಯ ಸ್ಟೀಲ್ ನಾಣ್ಯಗಳಲ್ಲಿ ಕಬ್ಬಿಣ 83 ಭಾಗ, ಕ್ರೋಮಿಯಂ 17 ಭಾಗ. ಅವು ಪಟ್ಟಂತ ಅಂಟುತ್ತವೆ. ಹಳದಿ ಐದು ರೂಪಾಯಿ ಮ್ಯಾಗ್ನೆಟ್ಟಿಗೆ ಅಂಟಿದರೆ ಒಳಗೆ ಕಬ್ಬಿಣ ಇದೆ, ಮೇಲೆ ಬಣ್ಣ ಮಾತ್ರ ಹಳದಿ ಅಂತ ಅರ್ಥ. ಬಿಳಿ ಐದು ರೂಪಾಯಿಗೆ ಮಾತ್ರ ದುಡುಕಬೇಡಿ. ದಪ್ಪದ್ದು ಅಂಟುವುದಿಲ್ಲ, 2007ರ ಸ್ಟೀಲಿನದು ಅಂಟುತ್ತದೆ, ಎರಡೂ ಅಸಲಿ.

ಆಮೇಲೆ ತೂಕ. ಅಡುಗೆಮನೆಯ ತಕ್ಕಡಿ ಇದಕ್ಕೆ ಸಾಲದು. ಮರುದಿನ ಬೆಳಗ್ಗೆ ಪಕ್ಕದ ಗಲ್ಲಿಯ ಅಕ್ಕಸಾಲಿಗರ ಹತ್ತಿರ ಹೋದೆವು. ಚಿನ್ನ ತೂಗುವ ತಕ್ಕಡಿ ಗ್ರಾಮಿನ ನೂರನೇ ಒಂದು ಭಾಗ ತೋರಿಸುತ್ತದೆ. ಅದೇ ವಿನ್ಯಾಸದ ಐದು ಮಾಮೂಲಿ ನಾಣ್ಯಗಳನ್ನೂ ಒಯ್ದಿದ್ದೆವು. ಹೋಲಿಸಲು ಪಕ್ಕದಲ್ಲಿ ಒಳ್ಳೆಯ ನಾಣ್ಯ ಇಲ್ಲದೆ ತೂಗಿದರೆ ಏನೂ ತಿಳಿಯುವುದಿಲ್ಲ. ಅವು ಐದೂ 5.9ರಿಂದ 6 ಗ್ರಾಮಿನ ನಡುವೆ ಬಂದವು. ಕೈಯಿಂದ ಕೈಗೆ ಓಡಾಡಿ ಸವೆದರೆ ಅಷ್ಟು ಸಹಜ. ಎರಡು ಸಿಂಹದ್ದು 5.41. ಅರ್ಧ ಗ್ರಾಮಿಗಿಂತ ಜಾಸ್ತಿ ಲೋಹ ಎಲ್ಲೋ ಹೋಗಿದೆ. ಆದರೆ ನೋಡಲು ಎಲ್ಲೂ ಸವೆದಿಲ್ಲ, ಸಿಂಹದ ಕೇಸರ ಚೂಪಾಗೇ ಇದೆ. ಹೊರಗೆ ಕಾಣದ ನಷ್ಟ ಒಳಗಿರಬೇಕು.

ಅಕ್ಕಸಾಲಿಗರು ಏನೂ ಮಾತಾಡದೆ ನಾಣ್ಯವನ್ನು ಬೆರಳ ತುದಿಯಲ್ಲಿ ನಿಲ್ಲಿಸಿ ಇನ್ನೊಂದು ನಾಣ್ಯದಿಂದ ತಟ್ಟಿದರು. ಮಾಮೂಲಿ ನಾಣ್ಯ ಣಿಂಯ್ ಅಂತು. ನಮ್ಮದು ಟಪ್. ಮಡಿಕೆ ಕೊಳ್ಳುವಾಗ ಅಜ್ಜಿ ತಟ್ಟಿ ನೋಡುತ್ತಿದ್ದಳಲ್ಲ, ಅದೇ ಲೆಕ್ಕ. ಒಂದೇ ತುಂಡಿನ ಲೋಹ ಪೂರ್ತಿ ನಡುಗುತ್ತದೆ. ಎರಡು ತುಂಡು ಒಂದಕ್ಕೊಂದು ಒತ್ತಿಕೊಂಡಿದ್ದರೆ ದನಿ ಅಲ್ಲೇ ಸಾಯುತ್ತದೆ. ಹತ್ತು, ಇಪ್ಪತ್ತರ ನಾಣ್ಯಕ್ಕೆ ಮಾತ್ರ ಈ ಪರೀಕ್ಷೆ ಬೇಡ. ಅವು ಹುಟ್ಟಿನಿಂದಲೇ ಎರಡು ತುಂಡು, ದನಿ ಮೊದಲೇ ಮಂಕು.

ಕೊನೆಗೆ ಅಕ್ಕಸಾಲಿಗರೇ, ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥ ಗಾಜು ಕೊಟ್ಟರು. ಎಲ್ಲಿ ನೋಡಬೇಕು ಅನ್ನುವುದೇ ಮುಖ್ಯ. ಎಲ್ಲರೂ ನಾಣ್ಯದ ಪಕ್ಕವನ್ನು ನೋಡುತ್ತಾರೆ, ನಡುವೆ ಬೆಸುಗೆ ಇದೆಯಾ ಅಂತ. ಜಾಣ ಕೆಲಸಗಾರ ಅಲ್ಲಿ ಗೆರೆ ಬಿಡುವುದಿಲ್ಲ. ನೋಡಬೇಕಾದ್ದು ಎತ್ತರಿಸಿದ ಅಂಚು ಮುಗಿದು ಸಮತಟ್ಟು ಜಾಗ ಶುರುವಾಗುವ ಮೂಲೆ. ಒಂದು ಕಡೆ ಆ ಮೂಲೆ ನುಣ್ಣಗೆ ಇಳಿದಿತ್ತು. ಇನ್ನೊಂದು ಕಡೆ ಅಲ್ಲಿ ಕೂದಲೆಳೆಯಷ್ಟು ಕಪ್ಪು ಗೆರೆ. ಎಲ್ಲೂ ತುಂಡಾಗದೆ ಪೂರ್ತಿ ಸುತ್ತು ಬಂದಿದೆ. ಒಂದೇ ಏಟಿಗೆ ಹುಟ್ಟಿದ ನಾಣ್ಯದಲ್ಲಿ ಅಂಥ ಗೆರೆ ಬರಲು ದಾರಿಯೇ ಇಲ್ಲ.

ಇನ್ನೊಂದು ಸುಳಿವು ನಾನೇ ಹುಡುಕಿದ್ದು, ಸ್ವಲ್ಪ ಜಂಬ ಕೊಚ್ಚಿಕೊಳ್ಳುತ್ತೇನೆ. ನಮ್ಮ ನಾಣ್ಯಗಳನ್ನು ಎಡ–ಬಲ ಹಿಡಿದು ಪುಸ್ತಕದ ಹಾಳೆಯ ಹಾಗೆ ತಿರುಗಿಸಿದರೆ ಹಿಂದಿನ ಚಿತ್ರವೂ ನೆಟ್ಟಗೆ ನಿಂತಿರುತ್ತದೆ. ಎರಡು ಅಚ್ಚನ್ನೂ ಹಾಗೆ ಕೂರಿಸಿರುತ್ತಾರೆ. ನಮ್ಮದನ್ನು ತಿರುಗಿಸಿದರೆ ಎರಡನೇ ಸಿಂಹ ಗಡಿಯಾರದ ಹತ್ತು ನಿಮಿಷದಷ್ಟು ವಾಲಿಕೊಂಡಿತ್ತು. ಇದೊಂದೇ ಸಾಕ್ಷಿ ಸಾಲದು. ಅಚ್ಚು ಸಡಿಲವಾಗಿ ತಿರುಗಿದರೆ ಟಂಕಸಾಲೆಯಲ್ಲೂ ಹೀಗಾಗುತ್ತದೆ. ಉಳಿದದ್ದರ ಜೊತೆ ಸೇರಿಸಿದಾಗ ಮಾತ್ರ ತೂಕ ಬರುತ್ತದೆ.

ಅಂದರೆ ಇದು ಜಾದೂಗಾರರ ನಾಣ್ಯ. ಮಾಡುವ ಬಗೆ ಹೀಗೆ: ಒಂದು ನಾಣ್ಯದ ₹5 ಇರುವ ಕಡೆಯನ್ನು ಲೇತ್ ಮಷೀನಿನಲ್ಲಿ, ಅಂದರೆ ಲೋಹವನ್ನು ಗಿರ್ರನೆ ತಿರುಗಿಸಿ ಉಳಿ ಹಿಡಿಯುವ ಯಂತ್ರದಲ್ಲಿ, ಕೊರೆಯುತ್ತಾರೆ. ಅಂಚು ಮತ್ತು ಸಿಂಹದ ಕಡೆಯ ತೆಳು ಪದರ ಬಿಟ್ಟು ಉಳಿದದ್ದು ಖಾಲಿ, ತಟ್ಟೆಯ ಹಾಗೆ. ಇನ್ನೊಂದು ನಾಣ್ಯವನ್ನು ಸುತ್ತಲೂ ತುರಿದು ಚಿಕ್ಕದು ಮಾಡಿ, ಅದರ ₹5ನ್ನೂ ಸವೆಸಿ, ಸಿಂಹ ಮೇಲೆ ಬರುವಂತೆ ಆ ತಟ್ಟೆಯೊಳಗೆ ಒತ್ತಿ ಕೂರಿಸುತ್ತಾರೆ. ಯಾವುದೋ ಆಟ ಮುಗಿದ ಮೇಲೆ ಚಿಲ್ಲರೆಯ ಜೊತೆ ಬೆರೆತು ಕಾಫಿಯ ಬಿಲ್ಲಿಗೆ ಹೋಗಿರಬೇಕು.

ಟಂಕಸಾಲೆಯಲ್ಲೇ ಎರಡು ಸಿಂಹದ ಅಚ್ಚು ತಪ್ಪಾಗಿ ಸೇರಲು ಸಾಧ್ಯವೇ ಇಲ್ಲವಾ ಎಂದು ಕೇಳಬಹುದು. ತಪ್ಪು ಜೋಡಿ ಅಚ್ಚಿನ ನಾಣ್ಯಗಳು ಜಗತ್ತಿನಲ್ಲಿ ಇವೆ. ಆದರೆ ಅವೂ ಒಂದೇ ಏಟಿಗೆ ಹುಟ್ಟಿದವು. ತೂಕ ಸರಿ ಇರುತ್ತದೆ, ದನಿ ಸರಿ ಇರುತ್ತದೆ, ಗೆರೆ ಇರುವುದಿಲ್ಲ.

ಇದೇ ಪ್ರಶ್ನೆ ಇಟ್ಟುಕೊಂಡು ಬೇರೆ ವಿಚಿತ್ರಗಳನ್ನೂ ಬಿಡಿಸಬಹುದು. ನನಗೆ ತುಂಬ ಇಷ್ಟವಾದದ್ದು ಕಚ್ಚಿದ ನಾಣ್ಯ. ಒಂದು ಕಡೆ ಯಾರೋ ಬಾಯಿ ಹಾಕಿದ ಹಾಗೆ ಅರ್ಧಚಂದ್ರ ಇಲ್ಲವಾಗಿರುತ್ತದೆ. ಚಿಕ್ಕ ಪೂರಿ ಮಾಡಲು ದೊಡ್ಡ ಹಾಳೆ ಲಟ್ಟಿಸಿ ಡಬ್ಬಿ ಮುಚ್ಚಳದಿಂದ ಒತ್ತುತ್ತೀರಲ್ಲ? ಈಗಾಗಲೇ ತೂತಾದ ಜಾಗದ ಮೇಲೆ ಮುಚ್ಚಳ ಸ್ವಲ್ಪ ಬಿದ್ದರೆ ಪೂರಿ ಕಚ್ಚಿದಂತೆ ಬರುತ್ತದೆ. ಟಂಕಸಾಲೆಯಲ್ಲೂ ಪಟ್ಟಿ ಸರಿಯಾಗಿ ಮುಂದೆ ಸರಿಯದಿದ್ದರೆ ಇದೇ ಆಗುತ್ತದೆ. ಮನೆಯಲ್ಲಿ ಅರದಿಂದ ಉಜ್ಜಿಯೂ ಇದೇ ಆಕಾರ ತರಬಹುದು. ಹಾಗಾದರೆ ಯಾವುದು ಯಾವುದು? ಕಚ್ಚಿದ ಜಾಗ ಬಿಟ್ಟು ಅದರ ನೇರ ಎದುರು ಬದಿ ನೋಡಿ. ಬಿಲ್ಲೆಯ ಅಂಚು ಎತ್ತರಿಸುವಾಗ ಒಂದು ಕಡೆ ಲೋಹವೇ ಇಲ್ಲದಿದ್ದರೆ ಎದುರು ಬದಿಗೂ ಒತ್ತಡ ಸಿಗುವುದಿಲ್ಲ. ಅಲ್ಲಿ ಅಂಚು ಮಂಕಾಗಿ, ಕರಗಿದಂತೆ ಇರುತ್ತದೆ. ಎದುರು ಅಂಚು ಚೂಪಾಗಿ ಪೂರ್ತಿ ಇದ್ದರೆ ಅರದ ಕೆಲಸ. ಕತ್ತರಿಸುವವನಿಗೆ ಆಚೆ ಬದಿಯ ನೆನಪೇ ಇರುವುದಿಲ್ಲ.

ಉಲ್ಟಾ ಅಕ್ಷರ ಒಳಗೆ ಒತ್ತಿದ ನಾಣ್ಯವೂ ಸಿಗುತ್ತದೆ, ಕನ್ನಡಿಯಲ್ಲಿ ಕಂಡ ಹಾಗೆ. ಅಚ್ಚು ಹಾಕಿದ ನಾಣ್ಯ ಅಚ್ಚಿಗೇ ಅಂಟಿಕೊಂಡರೆ ಮುಂದಿನ ಬಿಲ್ಲೆಯ ಮೇಲೆ ಹೀಗೆ ಬರುತ್ತದೆ. ಎರಡು ನಾಣ್ಯ ಜೋಡಿಸಿ ಬೆಂಚ್ ವೈಸಿನಲ್ಲಿ, ಅಂದರೆ ಮೇಜಿಗೆ ಕೂರಿಸಿದ ಬಿಗಿ ಇಕ್ಕಳದಲ್ಲಿ, ಬಿಗಿದರೂ ಬರುತ್ತದೆ. ಬಿಗಿದದ್ದಾದರೆ ನಾಣ್ಯದ ಸ್ವಂತ ಚಿತ್ರ ಅಡಿಯಲ್ಲಿ ಚಪ್ಪಟೆಯಾಗಿ ಉಳಿದಿರುತ್ತದೆ, ಹಿಂಬದಿಯೂ ನಜ್ಜುಗುಜ್ಜಾಗಿರುತ್ತದೆ.

ಹತ್ತು ರೂಪಾಯಿಯ ನಡುವಿನ ಬಿಲ್ಲೆ ಕಿತ್ತು ಉಲ್ಟಾ ಕೂರಿಸಿದ್ದನ್ನು ಗುರುತಿಸುವುದು ಸುಲಭ. ಹೊರಬಳೆ, ನಡುಬಿಲ್ಲೆ ಎರಡೂ ಒಂದಾಗುವುದು ಅಚ್ಚಿನ ಏಟಿಗೇ. ಬಳೆಯ ಲೋಹ ಒಳಗೆ ಹರಿದು ಕಚ್ಚಿಕೊಳ್ಳುತ್ತದೆ. ಒಮ್ಮೆ ಕಿತ್ತ ಮೇಲೆ ಆ ಹಿಡಿತ ಮತ್ತೆ ಬರದು. ಸಂದು ಉಳಿಯುತ್ತದೆ, ಗೀಚು ಬೀಳುತ್ತದೆ. ಅಂಕಿ ಬಳೆಗೂ ನಡುಬಿಲ್ಲೆಗೂ ಹಾಯ್ದಿರುವ ವಿನ್ಯಾಸವಾದರೆ ಗೆರೆ ಗೆರೆಗೆ ಕೂಡುವುದಿಲ್ಲ.

ನಾಣ್ಯದ ಬಣ್ಣ ಬದಲಾಯಿಸಲು ಯಾರೋ ಬೇರೆ ಲೋಹದ ಲೇಪ ಹಾಕಿದ್ದರೆ ಅಕ್ಷರಗಳ ಮೂಲೆ ಮೊಂಡಾಗಿರುತ್ತದೆ, ಜಾಸ್ತಿ ತಾಗುವ ಎತ್ತರದ ಜಾಗದಲ್ಲಿ ಒಳಬಣ್ಣ ಇಣುಕುತ್ತದೆ. ಎಲ್ಲ ಬಣ್ಣಬದಲಿಗೂ ಮನುಷ್ಯನೇ ಕಾರಣ ಅಂತಲ್ಲ. ಭಾಯಂದರ್ ದಾಟಿ ವಸಯಿ ಖಾಡಿಯ ಸೇತುವೆ ಬಂದಾಗ ಲೋಕಲ್ ಟ್ರೈನಿನಿಂದ ಕೈಮುಗಿದು ನಾಣ್ಯ ಎಸೆಯುವವರನ್ನು ನೀವೂ ನೋಡಿರುತ್ತೀರಿ. ಉಪ್ಪುನೀರಿನಲ್ಲಿ ಬಿದ್ದು ಮತ್ತೆ ಕೈಗೆ ಬಂದ ಹಿತ್ತಾಳೆ ನಾಣ್ಯ ಸತು ಕಳೆದುಕೊಂಡು ತಾಮ್ರದ ಹಾಗೆ ಕೆಂಪಗಾಗಬಹುದು. ತೆಂಗಿನಕಾಯಿ ಎಸೆದರೆ ಈ ತೊಂದರೆ ಇಲ್ಲ, ಕೆಳಗೆ ದೋಣಿಯಲ್ಲಿರುವವರಿಗೆ ಬಿಟ್ಟರೆ.

ಕಾಫಿ ಕೌಂಟರಿನ ಹುಡುಗನ ಲಕ್ಷದ ಮಾತಿಗೆ ಉತ್ತರ ಹೇಳಬೇಕು. ಎರರ್ ಕಾಯಿನ್‌ಗೆ ಸಂಗ್ರಹಕಾರರು ಬೆಲೆ ಕೊಡುವುದು ಅದು ಟಂಕಸಾಲೆಯ ಕಣ್ಣು ತಪ್ಪಿಸಿ ಬಂತಲ್ಲ ಎಂಬ ಕಾರಣಕ್ಕೆ. ಲೇತಿನಲ್ಲಿ ಎಷ್ಟು ಬೇಕಾದರೂ ಮಾಡಬಹುದಾದ ವಸ್ತುವಿಗೆ ಅಂಥ ಬೆಲೆ ಇಲ್ಲ. ಹಳೇ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ, ಮೊದಲು ಸ್ವಲ್ಪ ಕಮಿಷನ್, ಟ್ಯಾಕ್ಸ್ ಕಟ್ಟಿ ಎನ್ನುವವರು ರಿಸರ್ವ್ ಬ್ಯಾಂಕಿನ ಹೆಸರನ್ನೂ ಬಳಸುತ್ತಿದ್ದರು. ತಾನು ಅಂಥ ವ್ಯವಹಾರ ಮಾಡುವುದಿಲ್ಲ, ಕಮಿಷನ್ ಕೇಳುವುದಿಲ್ಲ ಎಂದು ಬ್ಯಾಂಕು 2021ರ ಆಗಸ್ಟ್‌ನಲ್ಲಿ ಎಚ್ಚರಿಕೆ ಕೊಟ್ಟಿತ್ತು. ಹುಡುಗನಿಗೆ ಇದನ್ನು ಹೇಳಿದಾಗ ಅವನ ಮುಖ ಸಪ್ಪೆಯಾಯಿತು. ಪಾಪ, ಅಷ್ಟರಲ್ಲಿ ಮನಸ್ಸಿನಲ್ಲೇ ಬೈಕ್ ಕೊಂಡೂ ಆಗಿತ್ತು.

ಭಟ್ಟರ "ನಕಲಿ"ಯೂ ಸರಿಯಲ್ಲ. ಎರಡೂ ಸಿಂಹ ಸರ್ಕಾರದ್ದೇ. ಆದರೂ ಈ ನಾಣ್ಯ ನಡೆಯುವುದಿಲ್ಲ. 2011ರ ನಾಣ್ಯ ಕಾಯ್ದೆಯ ಪ್ರಕಾರ ಕತ್ತರಿಸುವುದು, ಅರದಿಂದ ಉಜ್ಜುವುದು, ಮುದ್ರೆ ಒತ್ತುವುದು, ಮಾಮೂಲಿ ಸವೆತ ಅಲ್ಲವೆಂದು ನೋಡಿದರೇ ತಿಳಿಯುವಂತೆ ಮೇಲ್ಮೈ ಅಥವಾ ಆಕಾರ ಬದಲಾಯಿಸುವುದು, ಎಲ್ಲವೂ ವಿರೂಪ. ವಿರೂಪವಾದ ನಾಣ್ಯಕ್ಕೆ ಕಾನೂನಿನ ಚಲಾವಣೆ ಇಲ್ಲ. ನಾಣ್ಯ ಕರಗಿಸುವುದು, ನಾಶ ಮಾಡುವುದು ಅದೇ ಕಾಯ್ದೆಯಲ್ಲಿ ಅಪರಾಧ, ಏಳು ವರ್ಷದವರೆಗೆ ಜೈಲು. 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 178ನೇ ಕಲಂ ಇನ್ನೂ ಬಿಗಿ. ನಾಣ್ಯದ ತೂಕ ಇಳಿಸುವುದು, ರೂಪ ಬದಲಾಯಿಸುವುದೂ ಖೋಟಾ ಮಾಡುವುದರ ಲೆಕ್ಕಕ್ಕೇ ಸೇರುತ್ತದೆ. ಗೊತ್ತಿಲ್ಲದೆ ಯಾರ ಗಲ್ಲಾಕ್ಕೆ ಇಂಥ ನಾಣ್ಯ ಬಂದಿದೆಯೋ ಅವರಿಗೆ ಭಯ ಬೇಡ. ಗೊತ್ತಾದ ಮೇಲೆ ಮುಂದಿನ ಗಿರಾಕಿಗೆ ಚಿಲ್ಲರೆಯಾಗಿ ದಾಟಿಸುವುದು ಬೇಡ.

ಅಕ್ಕಸಾಲಿಗರ ಅಂಗಡಿಯಿಂದ ವಾಪಸು ಬಂದ ಮೇಲೆ ಮಾವ ಸುಮ್ನೆ ಕೂರಲಿಲ್ಲ. ಅಮೃತಶಿಲೆಯ ಟೇಬಲ್ ಮೇಲೆ, ಗೆರೆ ಇರುವ ಕಡೆ ಕೆಳಗಾಗುವಂತೆ, ನಾಣ್ಯವನ್ನು ಟಕ್ಕಂತ ಕುಕ್ಕಿದರು. ಮೂರನೇ ಸಲಕ್ಕೆ ಅದು ಎರಡಾಗಿ ಬಿತ್ತು. ಒಂದು ತೆಳು ತಟ್ಟೆ, ಒಂದು ತೆಳು ಬಿಲ್ಲೆ. ಒಳಮೈ ತುಂಬ ಲೇತಿನ ಉಳಿ ಬಿಟ್ಟ ಸುತ್ತುಗಳು, ನಡುವಿನಿಂದ ಅಂಚಿನವರೆಗೆ ಒಂದರ ಹೊರಗೆ ಒಂದು. ಭಟ್ಟರು ಬಗ್ಗಿ ನೋಡಿ, "ಕಾವಲಿ ಮೇಲೆ ಹಿಟ್ಟು ಹರಡಿದ ಹಾಗೇ ಉಂಟಲ್ಲ" ಎಂದರು.

ಇಸವಿ ಎಲ್ಲಾದರೂ ಉಳಿದಿದೆಯಾ ಎಂದು ನಾನು ಗಾಜು ಹಿಡಿದು ಹುಡುಕಿದೆ. ಎರಡರ ಇಸವಿಯೂ ಲೇತಿನ ಪುಡಿಯಲ್ಲಿ ಹೋಗಿತ್ತು. ಮಾವ ತಮ್ಮ ಜೇಬಿನಿಂದ ಐದು ರೂಪಾಯಿ ತೆಗೆದು ಗಲ್ಲಾಕ್ಕೆ ಹಾಕಿ, ಹಿಂದಿನ ದಿನದ ಲೆಕ್ಕ ಸರಿ ಮಾಡಿದರು. ಹಾಕುವ ಮೊದಲು ಒಮ್ಮೆ ತಿರುಗಿಸಿ ನೋಡಿದರು.